ಹೊಳೆಗೆ ಬಿದ್ದ ಎಲೆಕ್ಟ್ರಿಕ್ ಸೈಕಲ್ಲನ್ನು ಉಳಿಸಬಹುದೇ?

ಪ್ರಶ್ನೆ: ನಮ್ಮ ಮನೆ ಕುಂದಾಪುರದ ಹತ್ತಿರ, ಹೊಳೆಬದಿಯಲ್ಲಿ. ಭಾನುವಾರ ಸಂಜೆ ಈ ವರ್ಷದ ಮೊದಲ ಮಳೆ ಬಂದು ದಂಡೆ ದಾರಿ ಜಾರುತ್ತಿತ್ತು. ಮಗಳ ಎಲೆಕ್ಟ್ರಿಕ್ ಸೈಕಲ್ ಸೀದಾ ಹೊಳೆಗೆ ಹೋಯಿತು. ಮಗಳು ಈಜಿ ದಡ ಸೇರಿದಳು, ಅವಳಿಗೆ ಏನೂ ಆಗಲಿಲ್ಲ. ಸೈಕಲ್ ಮತ್ತು ಬ್ಯಾಗನ್ನು ಮೇಲೆತ್ತುವಾಗ ಮುಕ್ಕಾಲು ಗಂಟೆ ಕಳೆದಿತ್ತು. ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಮತ್ತು ಫೋನ್ ಇತ್ತು. ಸೈಕಲ್ಲಿನ ಬ್ಯಾಟರಿ 36 ವೋಲ್ಟ್, 10 ಆಂಪಿಯರ್ ಅವರ್. ಅದನ್ನು ಒರೆಸಿ ಬಚ್ಚಲೊಲೆಯ ಪಕ್ಕ ಒಣಗಲು ಇಟ್ಟಿದ್ದೇವೆ. ಫೋನ್ ಅಕ್ಕಿ ಡಬ್ಬದಲ್ಲಿದೆ, ಆನ್ ಆಗುತ್ತದೆ, ಚಾರ್ಜ್ ಮಾತ್ರ ಆಗುತ್ತಿಲ್ಲ. ಇವತ್ತಿಗೆ ಮೂರು ದಿನ. ಬ್ಯಾಟರಿಯ ಬಟನ್ ಒತ್ತಿದರೆ ನಾಲ್ಕರಲ್ಲಿ ಮೂರು ಲೈಟ್ ಉರಿಯುತ್ತದೆ, ಹಾಗಾಗಿ ಅದಕ್ಕೆ ಏನೂ ಆಗಿಲ್ಲ ಅನ್ನಿಸುತ್ತದೆ. ಚಾರ್ಜಿಗೆ ಹಾಕಿ ನೋಡಲೇ? ಪೇಟೆಯ ರಿಪೇರಿಯವರೊಬ್ಬರು ಬ್ಯಾಟರಿ ಬಿಚ್ಚಿ, ಕೆಟ್ಟ ಸೆಲ್ ಮಾತ್ರ ಬದಲಿಸಿ 4,000 ರೂಪಾಯಿಗೆ ಸರಿ ಮಾಡಿಕೊಡುತ್ತೇನೆ ಅನ್ನುತ್ತಾರೆ. ಒಪ್ಪಬಹುದೇ?

ಉತ್ತರ: ಮುಂದೆ ಓದುವ ಮೊದಲು ಎದ್ದು ಹೋಗಿ ಆ ಬ್ಯಾಟರಿಯನ್ನು ಬಚ್ಚಲೊಲೆಯ ಹತ್ತಿರದಿಂದ ತೆಗೆಯಿರಿ. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ.

ತೆಗೆಯುವ ಮೊದಲು ಒಂದು ಕ್ಷಣ ನೋಡಿ. ಕೈಯ ಹಿಂಭಾಗವನ್ನು ಹತ್ತಿರ ತಂದರೆ ಬಿಸಿ ತಾಗುತ್ತದೆಯೇ? ಡಬ್ಬ ಉಬ್ಬಿದೆಯೇ? ಉಗುರಿನ ಬಣ್ಣ ತೆಗೆಯುವ ದ್ರವದಂಥ ಸಿಹಿ ವಾಸನೆ ಇದೆಯೇ? ಸುಯ್ ಎಂಬ ಸದ್ದು ಕೇಳುತ್ತದೆಯೇ? ಇವುಗಳಲ್ಲಿ ಒಂದು ಇದ್ದರೂ ಮುಟ್ಟಬೇಡಿ. ಒಲೆ ಬಿಸಿ ಯಾವುದು, ಬ್ಯಾಟರಿಯ ಬಿಸಿ ಯಾವುದು ಅಂತ ಗೊತ್ತಾಗದಿದ್ದರೂ ಮುಟ್ಟಬೇಡಿ. ಮನೆಯವರೆಲ್ಲ ಹೊರಗೆ ಬನ್ನಿ, 112ಕ್ಕೆ ಫೋನ್ ಮಾಡಿ ಲಿಥಿಯಂ ಬ್ಯಾಟರಿ ಅಂತ ಹೇಳಿ. ಅದರ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷಾನಿಲ ಇರುತ್ತದೆ, ಹತ್ತಿರ ನಿಂತು ನೋಡುವ ವಸ್ತು ಅಲ್ಲ ಅದು.

ತಣ್ಣಗಿದ್ದು ವಾಸನೆ ಇಲ್ಲದಿದ್ದರೆ, ದಪ್ಪ ಕೈಗವಸು ಹಾಕಿ, ಗಾರೆ ಕೆಲಸದ ಕಬ್ಬಿಣದ ಬಾಂಡ್ಲಿಗೆ ಒಣ ಮರಳು ಹಾಕಿ ಅದರ ಮೇಲಿಟ್ಟು ಹೊರಗೆ ಒಯ್ಯಿರಿ. ಅಂಗಳದ ತುದಿ, ಬಯಲು ಜಾಗ. ಹುಲ್ಲು ಕುತ್ರಿ, ಸೌದೆ ಕೊಟ್ಟಿಗೆ, ದನದ ಹಟ್ಟಿ, ವಾಹನ ಯಾವುದೂ ಹತ್ತಿರ ಬೇಡ. ನೀರಿನಲ್ಲಿ ಮುಳುಗಿದ ಎಲೆಕ್ಟ್ರಿಕ್ ವಾಹನಗಳನ್ನು ಕಟ್ಟಡದಿಂದ 50 ಅಡಿ ದೂರ ಇಡಿ ಅಂತ ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ಹೇಳುತ್ತದೆ. ಸೈಕಲ್ ಬ್ಯಾಟರಿಗೂ ಅದೇ ಅಳತೆ ಇಟ್ಟುಕೊಳ್ಳಿ, ಜಾಸ್ತಿಯಾದರೆ ನಷ್ಟವೇನಿಲ್ಲ. ಮಳೆ ಬೀಳದಂತೆ ಮೇಲೆ ಒಂದು ತಗಡನ್ನು ಕಲ್ಲುಗಳ ಮೇಲೆ ಎತ್ತರಿಸಿ ಇಡಿ. ಡಬ್ಬಿಯಲ್ಲೋ ಪ್ಲಾಸ್ಟಿಕ್ಕಿನಲ್ಲೋ ಬಿಗಿಯಾಗಿ ಮುಚ್ಚಬೇಡಿ. ಒಳಗೆ ಹೈಡ್ರೋಜನ್ ಹುಟ್ಟುತ್ತಿದ್ದರೆ ಅದಕ್ಕೆ ಹೊರಗೆ ಹೋಗಲು ದಾರಿ ಬೇಕು.

ಆಯಿತೇ? ಈಗ ಕೂತು ಮಾತಾಡೋಣ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಒಲೆ ಮಾತ್ರ ಅಲ್ಲ, ಆ ಮೂರು ಲೈಟ್ ಕೂಡ. ಲೈಟ್ ಉರಿದರೆ ಬ್ಯಾಟರಿ ಚೆನ್ನಾಗಿದೆ ಅಂತ ಅರ್ಥ ಅಲ್ಲ. ಒಳಗೆ ಮುಕ್ಕಾಲು ಪಾಲು ಶಕ್ತಿ ಇನ್ನೂ ಇದೆ ಅಂತ ಅಷ್ಟೇ. ನಿಮ್ಮದು 36 ವೋಲ್ಟ್, 10 ಆಂಪಿಯರ್ ಅವರ್, ಅಂದರೆ ತುಂಬಿದಾಗ 360 ವಾಟ್ ಅವರ್. ಅದರ ಮುಕ್ಕಾಲು 270. ಮೂರು ಲೀಟರ್ ತಣ್ಣೀರು ಕುದಿ ಬರಲು ಬೇಕಾಗುವಷ್ಟು ವಿದ್ಯುತ್ತು ಆ ಡಬ್ಬಿಯಲ್ಲಿ ಕೂತಿದೆ. ಬೆಂಕಿ ಹತ್ತಿದರೆ ಒಳಗಿನ ದ್ರವವೂ ಉರಿಯುತ್ತದೆ, ಅದು ಈ ಲೆಕ್ಕಕ್ಕೆ ಸೇರಿಲ್ಲ. ಬ್ಯಾಟರಿ ಪೂರ್ತಿ ಸತ್ತಿದ್ದರೆ ನನಗೆ ಇಷ್ಟು ಚಿಂತೆ ಆಗುತ್ತಿರಲಿಲ್ಲ.

ಇನ್ನೊಂದು ವಿಷಯ, ಆ ಹೊಳೆಯ ನೀರು. ಮಗಳ ಬಾಯಿಗೂ ಹೋಗಿರಬೇಕಲ್ವಾ? ಉಪ್ಪಾಗಿತ್ತೇ ಅಂತ ಕೇಳಿ. ಆಗಿತ್ತು ಅನ್ನುತ್ತಾಳೆ ಅಂತ ನನ್ನ ಅಂದಾಜು. ನಿಮ್ಮ ಕಡೆ ಐದು ನದಿಗಳು ಸೇರಿ ಗಂಗೊಳ್ಳಿ ಅಳಿವೆಯಲ್ಲಿ ಸಮುದ್ರಕ್ಕೆ ಹೋಗುತ್ತವೆ. ಬೇಸಿಗೆಯ ಕೊನೆಗೆ ಮೇಲಿನಿಂದ ಬರುವ ನೀರು ಕಡಿಮೆ. ಉಬ್ಬರದ ಹೊತ್ತಿಗೆ ಸಮುದ್ರದ ನೀರು ಹೊಳೆಯೊಳಗೆ ಮೈಲುಗಟ್ಟಲೆ ಬರುತ್ತದೆ. ಅದಕ್ಕೇ ತಾನೇ ಕರಾವಳಿಯ ಗದ್ದೆಗಳಿಗೆ ಉಪ್ಪುನೀರು ತಡೆಯುವ ಕಿಂಡಿ ಅಣೆಕಟ್ಟು ಕಟ್ಟುವುದು. ಒಂದು ಮಳೆಗೆ ಹೊಳೆ ಸಿಹಿಯಾಗುವುದಿಲ್ಲ. ಇದೇ ಸೈಕಲ್ ಆಗಸ್ಟಿನಲ್ಲಿ ಬಿದ್ದಿದ್ದರೆ ನಾನು ಬರೆಯುವ ಉತ್ತರ ಸ್ವಲ್ಪ ಬೇರೆ ಇರುತ್ತಿತ್ತು.

ಯಾಕೆ ಅಂತ ಹೇಳುತ್ತೇನೆ. ನೀರು ಒಂದೇ ಎಲೆಕ್ಟ್ರಾನಿಕ್ಸ್ ಸಾಮಾನನ್ನು ಹಾಳು ಮಾಡುವುದು ಕಡಿಮೆ. ಕಾರ್ಖಾನೆಗಳಲ್ಲಿ ಸರ್ಕ್ಯೂಟ್ ಬೋರ್ಡುಗಳನ್ನು ಶುದ್ಧ ನೀರಿನಿಂದಲೇ ತೊಳೆಯುವುದುಂಟು. ಹಾಳು ಮಾಡುವುದು ನೀರು, ಉಪ್ಪು, ಕರೆಂಟು ಮೂರೂ ಒಟ್ಟಿಗೆ ಸೇರಿದಾಗ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಅಂಥ ನೀರಿನಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ. ಹರಿಯುವಾಗ ಪಾಸಿಟಿವ್ ಕಡೆಯ ಲೋಹವನ್ನು ತಿನ್ನುತ್ತಾ ಹೋಗುತ್ತದೆ. ತಾಮ್ರದ ಪಾತ್ರೆಗೆ ಕಿಲುಬು ಹಿಡಿಯಲು ವಾರಗಳು ಬೇಕು. ಕರೆಂಟು ಇರುವ ಪಿನ್ನಿಗೆ ಉಪ್ಪುನೀರಿನಲ್ಲಿ ಕೆಲವೇ ನಿಮಿಷ ಸಾಕು.

ಮೂರರಲ್ಲಿ ಕರೆಂಟನ್ನು ತೆಗೆದುಬಿಟ್ಟರೆ ಹಾನಿ ಬಹಳ ನಿಧಾನವಾಗುತ್ತದೆ. ಅದಕ್ಕೇ ನೀರಿಗೆ ಬಿದ್ದ ಸಾಮಾನನ್ನು ಆನ್ ಮಾಡಿ ನೋಡಬೇಡಿ ಅನ್ನುವುದು. ಆದರೆ ಬ್ಯಾಟರಿಯ ಕರೆಂಟನ್ನು ತೆಗೆಯುವುದು ಹೇಗೆ? ಅಲ್ಲಿಯೇ ತೊಡಕು. ಸೈಕಲ್ಲಿನ ಕೀ ತಿರುಗಿಸಿ ಆಫ್ ಮಾಡಿದರೆ ಹೊರಗೆ ಹೋಗುವ ಕರೆಂಟು ನಿಲ್ಲುತ್ತದೆ. ಒಳಗೆ ಸೆಲ್ಲುಗಳು ಆಫ್ ಆಗುವುದಿಲ್ಲ. ಅವುಗಳಿಗೆ ಸ್ವಿಚ್ಚೇ ಇಲ್ಲ.

ನಿಮ್ಮ ಬ್ಯಾಟರಿಯೊಳಗೆ ಗೋಡೆ ಗಡಿಯಾರದ ಸೆಲ್ಲಿಗಿಂತ ಸ್ವಲ್ಪ ದೊಡ್ಡ, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಸುಮಾರು 40 ಸೆಲ್ ಇರಬಹುದು. ನಾಲ್ಕು ನಾಲ್ಕರ ಹತ್ತು ಗುಂಪು, ಒಂದಕ್ಕೊಂದು ನಿಕ್ಕಲ್ ಪಟ್ಟಿಯಿಂದ ಬೆಸೆದಿರುತ್ತಾರೆ. ಸೆಲ್ಲಿನ ಹೊರಗಿನ ಉಕ್ಕಿನ ಕವಚವೇ ನೆಗೆಟಿವ್. ಮೇಲಿನ ಟೋಪಿ ಪಾಸಿಟಿವ್. ಇವೆರಡರ ನಡುವೆ ಇರುವುದು ತೆಳ್ಳಗಿನ ಒಂದು ಪ್ಲಾಸ್ಟಿಕ್ ಬಳೆ. ಅದರ ಮೇಲೆ ಉಪ್ಪುನೀರು ನಿಂತರೆ ಸೆಲ್ಲು ತನ್ನ ಟೋಪಿಯನ್ನು ತಾನೇ ತಿನ್ನಲು ಶುರುಮಾಡುತ್ತದೆ. ಟೋಪಿ ತೂತಾದರೆ ಒಳಗಿನ ದ್ರವ ಹೊರಗೆ, ಹೊರಗಿನ ತೇವ ಒಳಗೆ. ಇದು ಮುಕ್ಕಾಲು ಗಂಟೆ ಹೊಳೆಯಲ್ಲಿ ನಡೆಯಿತು. ಮೂರು ದಿನ ನಿಮ್ಮ ಬಚ್ಚಲಿನಲ್ಲೂ ನಡೆದಿರಬಹುದು.

ಒಣಗಿಸಿದರೆ ಸರಿಹೋಗುವುದಿಲ್ಲವೇ ಅಂತ ನೀವು ಕೇಳಬಹುದು. ನೀರು ಒಣಗುತ್ತದೆ, ಉಪ್ಪು ಒಳಗೇ ಉಳಿಯುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರು ಬಿಡುವುದನ್ನು ನೋಡಿದ್ದೀರಲ್ಲ? ಗಾಳಿಯ ತೇವ ಶೇಕಡಾ 75 ದಾಟಿದರೆ ಉಪ್ಪು ತಾನೇ ನೀರು ಹೀರಿ ಕರಗುತ್ತದೆ. ನಿಮ್ಮೂರಲ್ಲಿ ಜೂನ್ ಬಂದರೆ ತೇವ ಅದಕ್ಕಿಂತ ಕೆಳಗಿಳಿಯುವುದೇ ಅಪರೂಪ. ಇವತ್ತು ಒಣಗಿದಂತೆ ಕಾಣುವ ಬ್ಯಾಟರಿ ಮುಂದಿನ ತಿಂಗಳು ಒಳಗೊಳಗೇ ಮತ್ತೆ ಒದ್ದೆಯಾಗುತ್ತದೆ. ಸರ್ಕ್ಯೂಟ್ ಬೋರ್ಡಿನ ತಂತಿಗಳ ನಡುವೆ ಲೋಹದ ಸಣ್ಣ ಬೇರುಗಳು ಬೆಳೆದು ಒಂದು ದಿನ ಶಾರ್ಟ್ ಆಗುತ್ತದೆ. ಅದು ನೀವು ಎಚ್ಚರ ಇರುವ ಹೊತ್ತೇ ಆಗಬೇಕು ಅಂತಿಲ್ಲ.

ಸುಮ್ನೆ ಹೆದರಿಸಲು ಹೇಳುತ್ತಿಲ್ಲ. 2012ರಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ ಅಮೆರಿಕದ ನ್ಯೂಆರ್ಕ್ ಬಂದರಿನಲ್ಲಿ ನಿಲ್ಲಿಸಿದ್ದ 16 ಫಿಸ್ಕರ್ ಕಾರ್ಮಾ ಕಾರುಗಳು ಸಮುದ್ರದ ನೀರಿನಲ್ಲಿ ಮುಳುಗಿ ಸುಟ್ಟುಹೋದವು. ಕಂಪನಿ ತನಿಖೆ ಮಾಡಿದಾಗ ಸಿಕ್ಕ ಕಾರಣ ದೊಡ್ಡ ಲಿಥಿಯಂ ಬ್ಯಾಟರಿ ಅಲ್ಲ. ಸಾದಾ 12 ವೋಲ್ಟ್ ಬ್ಯಾಟರಿಯಿಂದ ನಡೆಯುವ ಒಂದು ಕಂಟ್ರೋಲ್ ಬಾಕ್ಸಿನೊಳಗೆ ಉಪ್ಪು ಸೇರಿ ಶಾರ್ಟ್ ಆಗಿತ್ತು. ಬರೀ 12 ವೋಲ್ಟ್! 2022ರ ಸೆಪ್ಟೆಂಬರಿನಲ್ಲಿ ಫ್ಲೋರಿಡಾಕ್ಕೆ ಇಯಾನ್ ಚಂಡಮಾರುತ ಬಂದು ಹೋದ ಮೇಲೆ, ಉಪ್ಪುನೀರಿನಲ್ಲಿ ಮುಳುಗಿದ್ದ ಎಲೆಕ್ಟ್ರಿಕ್ ಕಾರುಗಳಿಗೆ ಬೆಂಕಿ ಹತ್ತಿದ್ದು ಎಷ್ಟೋ ದಿನಗಳ ನಂತರ, ಕೆಲವಕ್ಕೆ ವಾರಗಳ ನಂತರ.

ಹಾಗಾಗಿ ಬ್ಯಾಟರಿಯ ವಿಷಯದಲ್ಲಿ ನನ್ನ ಉತ್ತರ ಒಂದೇ. ಅದನ್ನು ಉಳಿಸಲು ಹೋಗಬೇಡಿ. ಚಾರ್ಜಿಗೆ ಹಾಕಬೇಡಿ. ಬಿಚ್ಚಬೇಡಿ. ಬಟನ್ ಒತ್ತಿ ಲೈಟ್ ನೋಡುವುದೂ ಬೇಡ. ಬಕೆಟ್ಟಿನಲ್ಲಿ ಉಪ್ಪುನೀರು ಹಾಕಿ ಮುಳುಗಿಸಿಟ್ಟರೆ ಚಾರ್ಜ್ ಇಳಿಯುತ್ತದೆ ಅಂತ ಯಾರಾದರೂ ವಿಡಿಯೊ ತೋರಿಸಿದರೆ ಅದನ್ನೂ ಮನೆಯಲ್ಲಿ ಮಾಡಬೇಡಿ. ಸೈಕಲ್ ಮಾರಿದ ಅಂಗಡಿಗೆ, ಕಂಪನಿಗೆ ಬರೆದು ತಿಳಿಸಿ. ಉಪ್ಪುನೀರಿನಲ್ಲಿ ಮುಳುಗಿದೆ ಅನ್ನುವುದನ್ನು ಮುಚ್ಚಿಡದೆ ಬರೆಯಿರಿ. ವಾರಂಟಿ ಹೋದೀತು ಅಂತ ಅಡಗಿಸಿದರೆ, ಅದನ್ನು ಎತ್ತಿಕೊಂಡು ಹೋಗುವ ಹುಡುಗನ ಗಾಡಿಗೆ ಬೆಂಕಿ ಹತ್ತಬಹುದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಗುಜರಿಯವರಿಗೆ ಕೊಡಬೇಡಿ, ಕೊರಿಯರ್ ಮಾಡಬೇಡಿ, ಬಸ್ಸಿನಲ್ಲಿ ಒಯ್ಯಬೇಡಿ. ಅವರು ಬರುವ ತನಕ ಅದು ಆ ಬಾಂಡ್ಲಿಯಲ್ಲೇ ಇರಲಿ, ಹತ್ತಿರ ಮಕ್ಕಳು ಹೋಗದಂತೆ ನೋಡಿಕೊಳ್ಳಿ.

ಇನ್ನು ಸಮಾಧಾನದ ಮಾತು. ಬ್ಯಾಟರಿ ಬಿಟ್ಟರೆ ಸೈಕಲ್ಲಿನ ಉಳಿದ ಬಹುಪಾಲನ್ನು ಉಳಿಸಬಹುದು. ಆದರೆ ದಾರಿ ನೀವು ಅಂದುಕೊಂಡದ್ದಕ್ಕೆ ಉಲ್ಟಾ. ಒಣಗಿಸುವ ಮೊದಲು ಮತ್ತೆ ಒದ್ದೆ ಮಾಡಬೇಕು.

ಸಮುದ್ರಕ್ಕೆ ಬಿದ್ದ ವಿಮಾನದ ಬ್ಲ್ಯಾಕ್ ಬಾಕ್ಸ್ ಸಿಕ್ಕಾಗ ಅದನ್ನು ಒರೆಸಿ ಒಣಗಿಸುವುದಿಲ್ಲ. ನೀರು ತುಂಬಿದ ಪೆಟ್ಟಿಗೆಯಲ್ಲಿ ಮುಳುಗಿಸಿಯೇ ಪ್ರಯೋಗಾಲಯಕ್ಕೆ ಒಯ್ಯುತ್ತಾರೆ. ಗಾಳಿ ತಾಗಿದರೆ ಉಪ್ಪು ಹತ್ತಿದ ಲೋಹ ಬೇಗ ತುಕ್ಕು ಹಿಡಿಯುತ್ತದೆ, ಅದಕ್ಕೆ. 2009ರ ಜೂನ್ 1ರಂದು ಅಟ್ಲಾಂಟಿಕ್ ಸಾಗರಕ್ಕೆ ಬಿದ್ದ ಏರ್ ಫ್ರಾನ್ಸ್ 447 ವಿಮಾನದ ರೆಕಾರ್ಡರುಗಳು ಸಿಕ್ಕಿದ್ದು 2011ರ ಮೇ ತಿಂಗಳಲ್ಲಿ, ಹೆಚ್ಚುಕಮ್ಮಿ ಎರಡು ವರ್ಷ ಆದ ಮೇಲೆ, ಸುಮಾರು 3,900 ಮೀಟರ್ ಆಳದಲ್ಲಿ. ಅವುಗಳ ಮಾಹಿತಿಯನ್ನು ಓದಲು ಸಾಧ್ಯವಾಯಿತು. ಅದಕ್ಕೆ ಹೋಲಿಸಿದರೆ ನಿಮ್ಮ ಮುಕ್ಕಾಲು ಗಂಟೆ ಏನೂ ಅಲ್ಲ. ಆದರೆ ಆ ಮೂರು ದಿನ ಲೆಕ್ಕಕ್ಕೆ ಬರುತ್ತದೆ. ಇವತ್ತೇ ಶುರುಮಾಡಿ.

ತೊಳೆಯಲು ಸಿಹಿನೀರು ಬೇಕು. ನಿಮ್ಮ ಬಾವಿ ಹೊಳೆಯ ಪಕ್ಕ ಇದ್ದು ಬೇಸಿಗೆಯಲ್ಲಿ ಸವುಳಾಗುವುದಾದರೆ ಆ ನೀರು ಬೇಡ. ಮಾಡಿನಿಂದ ಬೀಳುವ ಮಳೆನೀರು ಹಿಡಿದಿಟ್ಟಿದ್ದರೆ ಬಹಳ ಒಳ್ಳೆಯದು. ಕೊನೆಯ ಸಲ ತೊಳೆಯಲು ಇನ್ವರ್ಟರಿಗೆ ಹಾಕುವ ಬ್ಯಾಟರಿ ನೀರು ಎರಡು ಕ್ಯಾನ್ ತನ್ನಿ. ಅದು ಖನಿಜ ತೆಗೆದ ನೀರು, ಒಣಗಿದ ಮೇಲೆ ಹಿಂದೆ ಏನನ್ನೂ ಬಿಡುವುದಿಲ್ಲ. ತರುವಾಗ ನೀರೋ ಆಸಿಡ್ಡೋ ಅಂತ ಲೇಬಲ್ ಓದಿ. ಎರಡೂ ಒಂದೇ ಅಂಗಡಿಯಲ್ಲಿ ಸಿಗುತ್ತವೆ, ಕ್ಯಾನುಗಳೂ ಒಂದೇ ಥರ ಇರುತ್ತವೆ.

ಸೀಟಿನ ಪೈಪ್ ತೆಗೆದು ಸೈಕಲ್ಲನ್ನು ತಲೆಕೆಳಗೆ ಮಾಡಿ, ಫ್ರೇಮಿನೊಳಗೆ ನಿಂತ ನೀರು ಹೋಗಲಿ. ಎಲ್ಲ ಕನೆಕ್ಟರುಗಳನ್ನು ಬಿಡಿಸುವ ಮೊದಲು ಒಂದು ಫೋಟೊ ತೆಗೆದುಕೊಳ್ಳಿ, ಯಾವುದು ಎಲ್ಲಿಗೆ ಅಂತ ಆಮೇಲೆ ಮರೆತುಹೋಗುತ್ತದೆ. ಬಿಡಿಸಿದ ಒಂದೊಂದು ಕನೆಕ್ಟರನ್ನೂ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಿಹಿನೀರಿನಲ್ಲಿ ತಿಕ್ಕಿ, ಕೊನೆಗೆ ಬ್ಯಾಟರಿ ನೀರಿನಲ್ಲಿ ಅದ್ದಿ ತೆಗೆಯಿರಿ. ಪಿನ್ನಿನ ಮೇಲೆ ಹಸಿರು ಕಿಲುಬು ಕಂಡರೆ ಹುಣಸೆಹಣ್ಣು ಹಾಕಲು ಹೋಗಬೇಡಿ! ಪೂಜೆ ಪಾತ್ರೆಗೆ ಅದು ಸರಿ. ಇಲ್ಲಿ ಅದರ ಹುಳಿ ತಂತಿಯ ಎಳೆಗಳ ಒಳಗೆ ಹೋಗಿ ಕೂರುತ್ತದೆ. ಮೊಬೈಲ್ ರಿಪೇರಿಯವರು ಬಳಸುವ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೊಹಾಲ್, ಅದರಲ್ಲಿ ತಿಕ್ಕಿ. ಪೇಂಟ್ ಅಂಗಡಿಯ ಥಿನ್ನರ್ ಬೇಡ, ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಪಿನ್ ತೆಳ್ಳಗಾಗಿದ್ದರೆ ಕನೆಕ್ಟರನ್ನೇ ಬದಲಿಸಿ, ಅದು ಅಗ್ಗದ ವಸ್ತು.

ಮೋಟರ್ ಹಿಂದಿನ ಚಕ್ರದ ನಡುವೆ ಇದೆಯಲ್ವಾ? ಹಬ್ ಮೋಟರ್. ಹೊರಗಿನಿಂದ ಗಟ್ಟಿಮುಟ್ಟಾಗಿ ಕಾಣುತ್ತದೆ, ಆದರೆ ಆಕ್ಸಲ್ಲಿನ ತುದಿಯಲ್ಲಿ ಕೇಬಲ್ ಒಳಗೆ ಹೋಗುವ ಕಡೆಯಿಂದ ನೀರು ಸೇರುತ್ತದೆ. ಸೇರಿದ್ದು ತಾನಾಗಿ ಹೊರಗೆ ಬರುವುದಿಲ್ಲ. ಬಿಸಿಲಿಗಿಟ್ಟರೆ ಒಳಗೇ ಆವಿಯಾಗಿ ಒಳಗೇ ಇಳಿಯುತ್ತದೆ. ಹಾಗಾಗಿ ಪಕ್ಕದ ಮುಚ್ಚಳದ ಸ್ಕ್ರೂ ತೆಗೆದು ಬಿಚ್ಚಲೇಬೇಕು. ಇದನ್ನು ನಿಮ್ಮ ಪೇಟೆಯ ರಿಪೇರಿಯವರಿಂದ ಮಾಡಿಸಿ. ಒಳಗಿನ ಆಯಸ್ಕಾಂತಗಳು ಬಹಳ ಬಲವಾದವು, ಗೊತ್ತಿಲ್ಲದೆ ಕೈ ಹಾಕಿದರೆ ಬೆರಳು ಜಜ್ಜುತ್ತದೆ. ಬಿಚ್ಚಿದ ಮೇಲೆ ಸಿಹಿನೀರು, ಬ್ಯಾಟರಿ ನೀರು, ಐಪಿಎ ಈ ಕ್ರಮದಲ್ಲಿ ತೊಳೆಯಲಿ. ತಾಮ್ರದ ತಂತಿಯ ಸುರುಳಿಗೆ ವಾರ್ನಿಷ್ ಇರುತ್ತದೆ, ಅದಕ್ಕೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. ಕಬ್ಬಿಣದ ಹಾಳೆಗಳ ಮೇಲೆ ಕೆಂಪು ತುಕ್ಕು ಶುರುವಾಗಿರಬಹುದು, ಉಜ್ಜಿದರೆ ಹೋಗುತ್ತದೆ. ಬೇರಿಂಗ್ ಎರಡನ್ನೂ ಸುಮ್ಮನೆ ಬದಲಿಸಿಬಿಡಿ, ಗೇರಿಗೆ ಹೊಸ ಗ್ರೀಸ್ ಹಾಕಿಸಿ. ಮೋಟರ್ ಎಷ್ಟು ತಿರುಗಿದೆ ಅಂತ ತಿಳಿಸುವ, ಹಾಲ್ ಸೆನ್ಸರ್ ಎಂಬ ಮೂರು ಸಣ್ಣ ಬಿಡಿಭಾಗ ಇರುತ್ತವೆ. ಮೋಟರಿನಲ್ಲಿ ಏನಾದರೂ ಸತ್ತಿದ್ದರೆ ಹೆಚ್ಚಾಗಿ ಅವೇ. ಅವು ಸಿಗುತ್ತವೆ, ಬೆಸುಗೆ ಹಾಕಿ ಬದಲಿಸಬಹುದು.

ಬ್ಯಾಟರಿಯ ಕರೆಂಟನ್ನು ಮೋಟರಿಗೆ ಅಳೆದು ಕೊಡುವ, ಕಂಟ್ರೋಲರ್ ಎಂಬ ಅಲ್ಯೂಮಿನಿಯಂ ಡಬ್ಬಿಯಲ್ಲಿ ಎರಡು ಜಾತಿ. ಕೆಲವಕ್ಕೆ ಒಳಗೆ ಪೂರ್ತಿ ಅಂಟು ತುಂಬಿರುತ್ತಾರೆ, ಅವು ಹೆಚ್ಚಾಗಿ ಬದುಕುತ್ತವೆ. ಬರೀ ಮುಚ್ಚಳದ್ದಾದರೆ ಬಿಚ್ಚಿ ತೊಳೆಯಬೇಕು. ಬೋರ್ಡಿನ ಗೆರೆಗಳು ಕಪ್ಪಾಗಿ ತಿಂದುಹೋಗಿದ್ದರೆ ಹೊಸದು ಹಾಕಿಸಿ, ಅದರ ಹಿಂದೆ ಬೀಳಬೇಡಿ. ಡಿಸ್‌ಪ್ಲೇ ಒಳಗೆ ಮಂಜು ಕಂಡರೂ ಅಷ್ಟೇ, ಒಂದು ಸಲ ಬಿಚ್ಚಿ ತೊಳೆದು ನೋಡಿ, ಬರದಿದ್ದರೆ ಬಿಡಿ.

ಥ್ರಾಟಲ್, ಅಂದರೆ ಹ್ಯಾಂಡಲ್ಲಿನ ಆಕ್ಸಿಲರೇಟರ್, ಅದರ ಬಗ್ಗೆ ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. ಮಗಳು ಓಡಿಸುವ ಸೈಕಲ್. ಥ್ರಾಟಲ್ಲಿಗೆ ಮೂರು ತಂತಿ. ಒಂದರಲ್ಲಿ 5 ವೋಲ್ಟ್, ಒಂದು ನೆಗೆಟಿವ್, ಒಂದರಲ್ಲಿ ಸಿಗ್ನಲ್. ಕೈ ಬಿಟ್ಟಾಗ ಸಿಗ್ನಲ್ ಸುಮಾರು 1 ವೋಲ್ಟ್, ಪೂರ್ತಿ ತಿರುಗಿಸಿದರೆ 4ರ ಹತ್ತಿರ. ಈಗ ಕನೆಕ್ಟರಿನಲ್ಲಿ ಉಪ್ಪಿನ ತೇವ ಉಳಿದು 5 ವೋಲ್ಟಿನ ಪಿನ್ನಿನಿಂದ ಸಿಗ್ನಲ್ ಪಿನ್ನಿಗೆ ಸ್ವಲ್ಪ ಸೋರಿದರೂ ಸಿಗ್ನಲ್ ಏರುತ್ತದೆ. ಥ್ರಾಟಲ್ ತಿರುಗಿಸಿದ್ದಾರೆ ಅಂತ ಕಂಟ್ರೋಲರ್ ಅಂದುಕೊಳ್ಳುತ್ತದೆ. ಯಾರೂ ಮುಟ್ಟದೆ ಸೈಕಲ್ ಮುಂದೆ ನುಗ್ಗುತ್ತದೆ. ಅದಕ್ಕೆ ಹಳೆಯ ಥ್ರಾಟಲ್ ಎಸೆದು ಹೊಸದು ಹಾಕಿಸಿ. ಬ್ರೇಕ್ ಹಿಡಿದರೆ ಮೋಟರ್ ನಿಲ್ಲಿಸುವ ಸ್ವಿಚ್ಚುಗಳನ್ನೂ ಬದಲಿಸಿ. ಈ ಎರಡರಲ್ಲಿ ಉಳಿತಾಯ ನೋಡಬೇಡಿ.

ತೊಳೆದದ್ದನ್ನು ಒಣಗಿಸುವುದು ಈಗ. ಮಳೆ ಹಿಡಿದುಕೊಂಡಿದ್ದರೆ ಬರೀ ಫ್ಯಾನ್ ಗಾಳಿಗೆ ಏನೂ ಒಣಗುವುದಿಲ್ಲ, ಗಾಳಿಯೇ ಒದ್ದೆ. ಒಂದು ದೊಡ್ಡ ರಟ್ಟಿನ ಪೆಟ್ಟಿಗೆಗೆ ಮೇಲೆ ಕೆಳಗೆ ತೂತು ಮಾಡಿ, ಒಳಗೆ 60 ವಾಟಿನ ಹಳೆಯ ಕಾಲದ ಬಲ್ಬನ್ನು ರಟ್ಟಿಗೆ ತಾಗದಂತೆ ತೂಗುಹಾಕಿ, ಬಿಡಿಭಾಗಗಳನ್ನು ದೂರ ದೂರ ಇಡಿ. ಹಗಲು ಮನೆಯಲ್ಲಿ ಜನ ಇರುವಾಗ ಮಾತ್ರ ಉರಿಸಿ. ಒಳಗೆ ಕೈಯಿಟ್ಟರೆ ಹಿತವಾದ ಬಿಸಿ ಇರಬೇಕು, 50 ಡಿಗ್ರಿ ದಾಟಬಾರದು. ಎರಡು ಮೂರು ದಿನ ಹೀಗೆ. ಈ ಪೆಟ್ಟಿಗೆಗೆ ಯಾವ ಬ್ಯಾಟರಿಯೂ ಹೋಗಬಾರದು, ಲ್ಯಾಪ್‌ಟಾಪಿನದ್ದೂ ಸೇರಿ. ಹೇರ್ ಡ್ರೈಯರ್ ಬೇಡ. ಅದು ನೀರನ್ನು ಒಳಗೊಳಗೆ ತಳ್ಳುತ್ತದೆ, ಒಂದೇ ಕಡೆ ಸುಡುತ್ತದೆ.

ಮೊದಲ ಸಲ ಕರೆಂಟು ಕೊಡುವಾಗ ಒಂದು ಹಳೆಯ ಉಪಾಯ ಇದೆ. ಮನೆಗಳಲ್ಲಿ ಎಲೆಕ್ಟ್ರಿಷಿಯನ್‌ಗಳು ಸೀರೀಸ್ ಲ್ಯಾಂಪ್ ಹಾಕಿ ನೋಡುತ್ತಾರಲ್ಲ, ಅದೇ. ಬೈಕಿನ ಇಂಡಿಕೇಟರಿನ 12 ವೋಲ್ಟ್, 21 ವಾಟ್ ಬಲ್ಬು ಮೂರನ್ನು ಸಾಲಾಗಿ ಜೋಡಿಸಿ, ಹೊಸ ಬ್ಯಾಟರಿಗೂ ಕಂಟ್ರೋಲರಿಗೂ ನಡುವೆ ಪಾಸಿಟಿವ್ ತಂತಿಯಲ್ಲಿ ಸೇರಿಸಿ. ಬಲ್ಬು ಒಮ್ಮೆ ಮಿಂಚಿ ಆರಿದರೆ ಸರಿ. ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ತೆಗೆದುಬಿಡಿ. ಬಲ್ಬುಗಳಿಂದಾಗಿ 2 ಆಂಪಿಯರಿಗಿಂತ ಹೆಚ್ಚು ಹರಿಯುವುದಿಲ್ಲ, ಹಾಗಾಗಿ ತಪ್ಪಿದ್ದರೂ ದೊಡ್ಡ ಅನಾಹುತ ಆಗುವುದಿಲ್ಲ. ಇಷ್ಟೆಲ್ಲ ಮಾಡುವಾಗ ಹಿಂದಿನ ಚಕ್ರ ನೆಲದಿಂದ ಮೇಲಿರಲಿ. ಬಲ್ಬು ತೆಗೆದ ಮೇಲೂ ಹತ್ತು ನಿಮಿಷ ಹಾಗೇ ಓಡಿಸಿ, ಬ್ರೇಕ್ ಹಿಡಿದರೆ ನಿಲ್ಲುತ್ತದೆಯೇ ನೋಡಿ. ಆಮೇಲೆ ನೆಲಕ್ಕಿಳಿಸಿ.

ಫೋನಿಗೆ ಬರೋಣ. ಅದನ್ನು ಅಕ್ಕಿ ಡಬ್ಬದಿಂದ ತೆಗೆಯಿರಿ. ಕುಚ್ಚಲಕ್ಕಿಯಾದರೂ ಬೆಳ್ತಿಗೆಯಾದರೂ ವ್ಯತ್ಯಾಸ ಇಲ್ಲ, ಅಕ್ಕಿ ಫೋನಿನೊಳಗಿನ ನೀರನ್ನು ಎಳೆಯುವುದಿಲ್ಲ. ಅದರ ಹುಡಿ ಚಾರ್ಜಿಂಗ್ ತೂತಿನೊಳಗೆ ಸೇರುತ್ತದೆ ಅಷ್ಟೇ. 2024ರಲ್ಲಿ ಆಪಲ್ ಕಂಪನಿಯೇ ಐಫೋನನ್ನು ಅಕ್ಕಿಯಲ್ಲಿಡಬೇಡಿ ಅಂತ ಬರೆದು ಹೇಳಿತು. ನಿಮ್ಮ ಫೋನ್ ಆನ್ ಆಗುತ್ತದೆ ಅಂದಿರಿ. ಹಾಗಾದರೆ ಒಂದು ಅವಕಾಶ ಇದೆ. ಈ ಬ್ಯಾಟರಿ ಮುಗಿಯುವ ಮೊದಲು ವೈಫೈ ಮೂಲಕ ಫೋಟೊ, ನಂಬರುಗಳನ್ನೆಲ್ಲ ಬೇರೆ ಕಡೆ ಉಳಿಸಿಕೊಳ್ಳಿ. ಆಮೇಲೆ ಆಫ್ ಮಾಡಿ ರಿಪೇರಿಗೆ ಕೊಡಿ. ಬಿಚ್ಚಿ, ಬೋರ್ಡನ್ನು ಅಲ್ಟ್ರಾಸಾನಿಕ್ ಯಂತ್ರದಲ್ಲಿ ತೊಳೆಯುವವರು ಸಿಕ್ಕರೆ ಬದುಕುವ ಸಾಧ್ಯತೆ ಜಾಸ್ತಿ. ಉಪ್ಪುನೀರು ಅಂತ ಅವರಿಗೂ ಹೇಳಿ. ಫೋನಿನ ಮೇಲೆ ಐಪಿ67, ಐಪಿ68 ಅಂತ ಬರೆದಿದ್ದರೆ ಅದನ್ನು ನಂಬಿ ಕೂರಬೇಡಿ. ಐಪಿ67 ಅಂದರೆ ಒಂದು ಮೀಟರ್ ಆಳ, 30 ನಿಮಿಷ. ಅದೂ ಸಿಹಿನೀರು, ಅದೂ ಹೊಸ ಫೋನು.

ಲ್ಯಾಪ್‌ಟಾಪನ್ನು ಬರೀ ಮುಚ್ಚಿ ಬ್ಯಾಗಿಗೆ ಹಾಕಿದ್ದಳೋ, ಪೂರ್ತಿ ಆಫ್ ಮಾಡಿದ್ದಳೋ? ಮುಚ್ಚಿದ್ದಷ್ಟೇ ಆದರೆ ಅದು ನಿದ್ದೆಯಲ್ಲಿತ್ತು, ಬೋರ್ಡಿನಲ್ಲಿ ಕರೆಂಟು ಹರಿಯುತ್ತಿತ್ತು. ಬೋರ್ಡ್ ಉಳಿಯುವ ಆಸೆ ಕಡಿಮೆ. ಆದರೆ ಅವಳ ಕಾಲೇಜಿನ ಕೆಲಸವೆಲ್ಲ ಇರುವ ಎಸ್‌ಎಸ್‌ಡಿ ಬೇರೆ ವಸ್ತು. ಈಗಿನ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಅದು ಚೂಯಿಂಗ್ ಗಮ್ ಪಟ್ಟಿಯಷ್ಟು ಗಾತ್ರದ್ದು, ಒಂದು ಸ್ಕ್ರೂ ತೆಗೆದರೆ ಕೈಗೆ ಬರುತ್ತದೆ. ಬ್ಯಾಟರಿ ನೀರಿನಲ್ಲಿ ಅದ್ದಿ, ಐಪಿಎ ಹಚ್ಚಿ, ಪೂರ್ತಿ ಒಣಗಿಸಿ, ಯುಎಸ್‌ಬಿ ಕವಚಕ್ಕೆ ಹಾಕಿದರೆ ಹೆಚ್ಚಾಗಿ ಓದಲು ಸಿಗುತ್ತದೆ. ಹಳೆಯ ಥರದ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಮಾತ್ರ ಒಣಗಿಸಬೇಡಿ, ಆನ್ ಮಾಡಬೇಡಿ. ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ಕಿನಲ್ಲಿಟ್ಟು ಡೇಟಾ ತೆಗೆಯುವವರಿಗೆ ಒಯ್ಯಿರಿ. ಲ್ಯಾಪ್‌ಟಾಪಿನ ಬ್ಯಾಟರಿ ಕೂಡ ಲಿಥಿಯಂ, ಅದೂ ಅಂಗಳದ ಬಾಂಡ್ಲಿಗೇ.

ಬೆಂಗಳೂರಿನಂಥ ಕಡೆ ಮಳೆಗೆ ಬೇಸ್‌ಮೆಂಟಿನಲ್ಲಿ ಸ್ಕೂಟರ್ ಮುಳುಗಿಸಿಕೊಂಡವರು ಇದನ್ನು ಓದುತ್ತಿದ್ದರೆ, ನಿಮ್ಮ ಲೆಕ್ಕ ಸ್ವಲ್ಪ ಬೇರೆ. ನೋಂದಣಿ ಆಗುವ ಎಲೆಕ್ಟ್ರಿಕ್ ಸ್ಕೂಟರುಗಳ ಬ್ಯಾಟರಿಗೆ ಎಐಎಸ್-156 ಎಂಬ ಕಡ್ಡಾಯ ಮಾನದಂಡ ಇದೆ, 2022ರ ಡಿಸೆಂಬರಿನಿಂದ ಅದು ಇನ್ನೂ ಬಿಗಿಯಾಯಿತು. ನೀರೂ ಸಮುದ್ರದ್ದಲ್ಲ. ಆದರೂ ಚರಂಡಿ ಸೇರಿದ ನೀರು ಶುದ್ಧ ನೀರಲ್ಲ. ಆನ್ ಮಾಡದೆ ಸರ್ವಿಸಿನವರನ್ನು ಕರೆಯಿರಿ. ಸಮಗ್ರ ವಿಮೆ ಇದ್ದರೆ ನೆರೆ ಹಾನಿಗೆ ಹಣ ಬರುತ್ತದೆ, ಬರೀ ಥರ್ಡ್ ಪಾರ್ಟಿ ಇದ್ದರೆ ಇಲ್ಲ. 250 ವಾಟ್ ಒಳಗಿನ, ಗಂಟೆಗೆ 25 ಕಿಲೋಮೀಟರ್ ದಾಟದ ಸೈಕಲ್ಲುಗಳಿಗೆ ನೋಂದಣಿಯೇ ಬೇಡವಾದ್ದರಿಂದ ವಿಮೆ ಮಾಡಿಸಿದವರೂ ಕಡಿಮೆ.

ಕೊನೆಗೆ ನಿಮ್ಮ 4,000 ರೂಪಾಯಿ ಪ್ರಶ್ನೆ. ಒಪ್ಪಬೇಡಿ. ಆ ರಿಪೇರಿಯವರು ಮೋಸ ಮಾಡುತ್ತಿದ್ದಾರೆ ಅಂತ ಅಲ್ಲ. ಅವರು ಮೀಟರ್ ಹಿಡಿದು, ವೋಲ್ಟ್ ಇಳಿದ ಸೆಲ್ಲನ್ನು ಕೆಟ್ಟದ್ದು ಅಂತ ತೆಗೆಯುತ್ತಾರೆ, 3.9 ತೋರಿಸುವುದನ್ನು ಒಳ್ಳೆಯದು ಅಂತ ಬಿಡುತ್ತಾರೆ. ಟೋಪಿಯ ಕೆಳಗೆ ಅರ್ಧ ತಿಂದುಹೋದ ಸೆಲ್ಲೂ ಇವತ್ತು 3.9 ತೋರಿಸುತ್ತದೆ. 40ರಲ್ಲಿ ಆರು ಬದಲಿಸಿದರೆ ಹೊಳೆ ನೀರು ಕುಡಿದ 34 ಒಳಗೇ ಉಳಿದವು. ಅದೂ ಅಲ್ಲದೆ, ಉಪ್ಪು ಹತ್ತಿದ ಪ್ಯಾಕನ್ನು ಅಂಗಡಿಯಲ್ಲಿ ಬಿಚ್ಚುವಾಗ ಒಂದು ಸ್ಕ್ರೂಡ್ರೈವರ್ ಜಾರಿದರೆ ಅವರ ಕೈಯೇ ಹೋದೀತು. ಆ 4,000ವನ್ನು ಅವರಿಗೇ ಕೊಡಿ, ಆದರೆ ಮೋಟರ್ ಬಿಚ್ಚಿ ತೊಳೆದು ಬೇರಿಂಗ್ ಹಾಕಿದ್ದಕ್ಕೆ.

ಹೊಸ ಬ್ಯಾಟರಿ ಅದೇ ಕಂಪನಿಯದ್ದು ಸಿಕ್ಕರೆ ಅದನ್ನೇ ತನ್ನಿ. ಸಿಗದೆ ಬೇರೆ ತರುವುದಾದರೆ 36 ವೋಲ್ಟೇ ಆಗಿರಲಿ, ಮತ್ತು ನಿಮ್ಮ ಕಂಟ್ರೋಲರಿನ ಮೇಲೆ ಬರೆದಿರುವ ಆಂಪಿಯರಿಗಿಂತ ಹೆಚ್ಚು ಕೊಡಬಲ್ಲದ್ದಾಗಿರಲಿ. ಚಾರ್ಜರ್ ಮನೆಯಲ್ಲೇ ಒಣಗಿ ಇತ್ತಲ್ಲ, ಅದನ್ನೇ ಬಳಸಬಹುದು, ಅದರ ಮೇಲೆ ಔಟ್‌ಪುಟ್ 42 ವೋಲ್ಟ್ ಅಂತ ಇದ್ದು, ಹೊಸ ಬ್ಯಾಟರಿಯೂ ಅಷ್ಟೇ ಕೇಳಿದರೆ. ಹೊಸದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಜಾತಿಯದ್ದಾದರೆ ಹಳೆಯ ಚಾರ್ಜರ್ ಹಾಕಬೇಡಿ, ಅದರದ್ದೇ ಬೇರೆ ಬರುತ್ತದೆ, ಕೇಳಿ ತೆಗೆದುಕೊಳ್ಳಿ.